ಆಫ್ರಿಕಾದ ಸಮುದಾಯ ರಂಗಭೂಮಿಯಿಂದ ನಮ್ಮ ಕರಾವಳಿಯ ಬೀದಿನಾಟಕ ಕಲಿಯಬಹುದಾದದ್ದೇನು?

ಪ್ರಶ್ನೆ: ಕನ್ನಡ ಉಪನ್ಯಾಸಕಿ, ಉಡುಪಿ

ಎಲ್ಲರಿಗೂ ನಮಸ್ಕಾರ. ಉಡುಪಿ ಸಮೀಪದ ಪದವಿ ಕಾಲೇಜೊಂದರಲ್ಲಿ ಕನ್ನಡ ಕಲಿಸುತ್ತಿದ್ದೇನೆ. ಎನ್‌ಎಸ್‌ಎಸ್ ಘಟಕದ ಜವಾಬ್ದಾರಿಯೂ ನನ್ನ ಮೇಲಿದೆ. ಪ್ರತಿವರ್ಷ ನಮ್ಮ ವಿದ್ಯಾರ್ಥಿಗಳು ಹಳ್ಳಿಯ ಶಿಬಿರಗಳಲ್ಲಿ ಬೀದಿನಾಟಕ ಆಡುತ್ತಾರೆ. ವಿಷಯ ಬಹುಮಟ್ಟಿಗೆ ಮೇಲಿನಿಂದಲೇ ಬರುತ್ತದೆ: ಒಮ್ಮೆ ಹಸಿಕಸ-ಒಣಕಸ, ಇನ್ನೊಮ್ಮೆ ಡೆಂಗ್ಯೂ, ಮತ್ತೊಮ್ಮೆ ಕುಡಿತದ ಚಟ. ಮಕ್ಕಳು ಹುರುಪಿನಿಂದ ಆಡುತ್ತಾರೆ, ಜನ ನಿಂತು ನೋಡುತ್ತಾರೆ, ಚಪ್ಪಾಳೆ ತಟ್ಟುತ್ತಾರೆ, ಧನ್ಯವಾದ ಸಮರ್ಪಣೆಯೊಂದಿಗೆ ಎಲ್ಲವೂ ಮುಗಿಯುತ್ತದೆ.

ಈ ಸಲ ಶಿಬಿರ ನಡೆಯಲಿರುವ ಊರಿನಲ್ಲಿ ಮನೆಮನೆಯಲ್ಲೂ ಬೀಡಿ ಕಟ್ಟುವ ಹೆಂಗಸರಿದ್ದಾರೆ. ಮುಂಚಿತವಾಗಿ ಊರು ನೋಡಿ ಬರಲು ಹೋಗಿದ್ದಾಗ ಅವರಲ್ಲೊಬ್ಬರು, ಮಡಿಲಲ್ಲಿದ್ದ ತಡ್ಪೆಯಿಂದ (ಮೊರದಿಂದ) ಕಣ್ಣು ತೆಗೆಯದೆ, "ಕಸದ ನಾಟಕ ಹೋದ ಸಲವೂ ನೋಡಿದ್ದೇವೆ ಟೀಚರ್, ನಮ್ಮ ವಿಷಯದ್ದು ಯಾವಾಗ ಮಾಡುತ್ತೀರಿ?" ಎಂದು ಕೇಳಿದರು. ಆ ಮಾತಿಗೆ ಸರಿಯಾದ ಉತ್ತರ ಕೊಡಬೇಕೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

1970ರ ದಶಕದಿಂದೀಚೆಗೆ ಆಫ್ರಿಕಾದ ಹಲವು ದೇಶಗಳಲ್ಲಿ ರಂಗಭೂಮಿಯನ್ನು ಸಾಮಾಜಿಕ ಅಭಿವೃದ್ಧಿಯ ಸಾಧನವಾಗಿ ಬೆಳೆಸಿದ ದೊಡ್ಡ ಪರಂಪರೆಯಿದೆ ಎಂದು ಅಲ್ಲಲ್ಲಿ ಓದಿದ್ದೇನೆ. ಅಲ್ಲಿ ನಾಟಕದ ವಿಷಯವನ್ನು ಯಾರು ಆರಿಸುತ್ತಿದ್ದರು? ನಾಟಕ ಮುಗಿದ ಮೇಲೆ ಏನಾಗುತ್ತಿತ್ತು? ಅದರಲ್ಲಿ ಯಾವುದನ್ನು ನಮ್ಮಲ್ಲಿ ಬಳಸಿಕೊಳ್ಳಬಹುದು? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ರಂಗಭೂಮಿಯ ವಿದ್ಯಾರ್ಥಿ, ಮಂಗಳೂರು

ಮೇಡಂ, ನಿಮಗೆ ಆ ಹೆಂಗಸು ಕೇಳಿದ ಪ್ರಶ್ನೆಯೇ ಆಫ್ರಿಕಾದ ಈ ಪರಂಪರೆಯ ಮೂಲಪ್ರಶ್ನೆಯೂ ಹೌದು. ಕೀನ್ಯಾದ ಲಿಮುರು ಸಮೀಪದ ಕಮಿರಿಥು ಎಂಬ ಊರಿನ ಪ್ರಯೋಗದಿಂದ ತೊಡಗುತ್ತೇನೆ, ಏಕೆಂದರೆ ವಿಷಯವನ್ನು ಯಾರು ಆರಿಸಬೇಕೆಂಬುದಕ್ಕೆ ಅಷ್ಟು ಸ್ಪಷ್ಟವಾದ ಉತ್ತರ ಬೇರೆಲ್ಲೂ ನನಗೆ ಕಂಡಿಲ್ಲ.

ಕಮಿರಿಥುವಿನಲ್ಲಿದ್ದವರು ಚಹಾ ತೋಟದ ಕೂಲಿಗಳು, ಕಾರ್ಖಾನೆ ಕಾರ್ಮಿಕರು, ತುಂಡುಭೂಮಿಯ ರೈತರು, ಕೆಲಸವಿಲ್ಲದ ಯುವಕರು. ಊರಿನವರದೇ ಆದ ಶಿಕ್ಷಣ ಮತ್ತು ಸಂಸ್ಕೃತಿ ಕೇಂದ್ರವೊಂದು 1976ರ ಹೊತ್ತಿಗೆ ವಯಸ್ಕರ ಅಕ್ಷರಾಭ್ಯಾಸದ ತರಗತಿಗಳನ್ನು ಆರಂಭಿಸಿತು. ಓದಲು ಕಲಿತವರು ಮುಂದೇನು ಎಂದು ಕೇಳತೊಡಗಿದಾಗ ನಾಟಕದ ಯೋಚನೆ ಬಂತು. ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರಿಯಿ ಇಬ್ಬರೂ ಸೇರಿ ಗಿಕುಯು ಭಾಷೆಯಲ್ಲಿ ಒಂದು ಕರಡು ಸಿದ್ಧಪಡಿಸಿದರು. ಗೂಗಿ ವಾ ಥಿಯಾಂಗೊ ಆ ವೇಳೆಗಾಗಲೇ ಇಂಗ್ಲಿಷಿನಲ್ಲಿ ಬರೆದು ಹೆಸರಾದವರು, ನೈರೋಬಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು. ಆದರೂ ಕರಡನ್ನು ಊರಿನವರ ಮುಂದೆ ಓದಿ, ಅವರು ತಿದ್ದಿದ ಹಾಗೆ ತಿದ್ದಿಕೊಂಡರು. ಹಿರಿಯರ ಬಾಯಲ್ಲಿ ಇಂಥ ಮಾತು ಬರುವುದಿಲ್ಲ, ಈ ಹಾಡನ್ನು ಹಾಡುವ ಕ್ರಮ ಹೀಗಲ್ಲ, ಮದುವೆಯ ಶಾಸ್ತ್ರ ಹೀಗೆ ನಡೆಯುತ್ತದೆ ಎಂದು ವಯಸ್ಸಾದವರು ತಿದ್ದಿದರು. ಪಕ್ಕದ ಪಾದರಕ್ಷೆ ಕಾರ್ಖಾನೆಯಲ್ಲಿ ದುಡಿಯುತ್ತಿದ್ದವರು ತಮ್ಮ ಕೈಯಿಂದ ತಯಾರಾಗುವ ಸರಕಿನ ಬೆಲೆ ಎಷ್ಟು, ಅದರಲ್ಲಿ ತಮಗೆ ಸಂಬಳವಾಗಿ ಮರಳಿ ಬರುವುದು ಎಷ್ಟು ಎಂಬ ಲೆಕ್ಕವನ್ನು ಅಲ್ಲಿ ಕೆಲಸ ಮಾಡದವರಿಗೆ ಬಿಡಿಸಿ ಹೇಳಿದರು. ಆ ಚರ್ಚೆ ನಾಟಕದೊಳಕ್ಕೂ ಬಂತು. ತಾಲೀಮು ಬಾಗಿಲು ಮುಚ್ಚಿ ನಡೆಯುತ್ತಿರಲಿಲ್ಲ. ಬಯಲಲ್ಲಿ ನಡೆಯುವುದನ್ನು ಊರೇ ನಿಂತು ನೋಡುತ್ತಿತ್ತು, ನಟರನ್ನು ತಿದ್ದುತ್ತಿತ್ತು, ಹೀಗಾಗಿ ಪ್ರದರ್ಶನದ ದಿನ ಬರುವಷ್ಟರಲ್ಲಿ ಎಷ್ಟೋ ಪ್ರೇಕ್ಷಕರಿಗೆ ಮಾತುಗಳೆಲ್ಲ ಬಾಯಿಪಾಠವಾಗಿದ್ದವು.

ರಂಗಮಂದಿರವನ್ನೂ ಊರಿನವರೇ ಕಟ್ಟಿದರು. ಮೊದಲು ಬೆಂಕಿಕಡ್ಡಿಗಳನ್ನು ಜೋಡಿಸಿ ಸಣ್ಣ ಮಾದರಿ ಮಾಡಿಕೊಂಡು, ಅದನ್ನು ನೋಡಿ ಎರಡು ಸಾವಿರಕ್ಕೂ ಹೆಚ್ಚು ಜನ ಕೂರಬಹುದಾದ ಬಯಲು ರಂಗವನ್ನು ಎಬ್ಬಿಸಿದರು. 1977ರ ಅಕ್ಟೋಬರ್ 2ರಂದು ಮೊದಲ ಪ್ರದರ್ಶನವಾಯಿತು. ದೂರದೂರದಿಂದ ಜನ ಬಂದರು. ನವೆಂಬರ್ 16ರಂದು ಸರ್ಕಾರ ಪರವಾನಗಿ ಹಿಂತೆಗೆದುಕೊಂಡಿತು, ಡಿಸೆಂಬರ್ ಕೊನೆಗೆ ಗೂಗಿ ವಾ ಥಿಯಾಂಗೊ ಅವರ ಬಂಧನವಾಯಿತು, ವಿಚಾರಣೆಯಿಲ್ಲದೆ ಸುಮಾರು ಒಂದು ವರ್ಷ ಕಾಮಿಟಿ ಎಂಬಲ್ಲಿನ ಸೆರೆಮನೆಯಲ್ಲಿ ಅವರನ್ನು ಇಡಲಾಯಿತು. 1982ರಲ್ಲಿ ಅದೇ ಜನ ಇನ್ನೊಂದು ನಾಟಕಕ್ಕೆ ಸಿದ್ಧರಾದಾಗ ಅದನ್ನೂ ತಡೆದರು. ಪೊಲೀಸರು ಬಂದು ಬಯಲು ರಂಗವನ್ನೇ ನೆಲಸಮ ಮಾಡಿದರು. ಇಂಗ್ಲಿಷಿನಲ್ಲಿ ಇನ್ನೂ ಕಟುವಾಗಿ ಬರೆದಾಗ ಮುಟ್ಟದಿದ್ದ ಸರ್ಕಾರ, ಹಳ್ಳಿಯ ಜನ ತಮ್ಮ ಭಾಷೆಯಲ್ಲಿ ತಾವೇ ಆಡಿದ ನಾಟಕಕ್ಕೆ ಅಷ್ಟು ಬೆದರಿತು ಎಂಬುದನ್ನು ನಾವು ಗಮನಿಸಬೇಕು. 2025ರ ಮೇ ತಿಂಗಳಲ್ಲಿ ಗೂಗಿ ತೀರಿಕೊಂಡಾಗ ನಮ್ಮ ಪತ್ರಿಕೆಗಳು ಅವರ ಕಾದಂಬರಿಗಳನ್ನು ನೆನೆದಷ್ಟು ಈ ಊರನ್ನು ನೆನೆಯಲಿಲ್ಲವಲ್ಲ ಎಂದು ನನಗೆ ನೋವಾಯಿತು.

ನಿಮ್ಮ ಊರಿನಲ್ಲಿ ಸಾವಿರ ಬೀಡಿಗೆ ಕೈಗೆ ಬರುವುದೆಷ್ಟು, ಎಲೆ ಕಡಿಮೆ ಬಿದ್ದರೆ ಅದನ್ನು ಯಾರು ತುಂಬಿಕೊಡಬೇಕು, ಸರಿಯಿಲ್ಲವೆಂದು ಬದಿಗೆ ಹಾಕಿದ ಬೀಡಿಗಳ ಲೆಕ್ಕ ಏನಾಗುತ್ತದೆ ಎಂಬುದನ್ನು ಆ ಹೆಂಗಸರಷ್ಟು ಬಲ್ಲವರು ಯಾರೂ ಇಲ್ಲ. ಅವರೇ ಬರೆಸುವ ನಾಟಕ, ಅವರ ತುಳುವಿನಲ್ಲೇ, ಆಗಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಉತ್ತರ: ಹವ್ಯಾಸಿ ಕಲಾವಿದ, ಕುಂದಾಪುರ

ಮೇಲಿನ ಬರಹ ಚೆನ್ನಾಗಿದೆ. ಆದರೆ ಕಮಿರಿಥುವಿನ ಕಥೆಯನ್ನು ಕಾಲೇಜು ಶಿಬಿರದ ಮಟ್ಟಕ್ಕೆ ಹಾಗೆಯೇ ತರುವುದನ್ನು ನಾನು ಒಪ್ಪುವುದಿಲ್ಲ. ಅಲ್ಲಿ ನಾಟಕ ಬರೆದವರೂ ಆಡಿದವರೂ ಅದೇ ಊರಿನಲ್ಲಿ ಬದುಕುವವರಾಗಿದ್ದರು. ಗೂಗಿಯವರೂ ಲಿಮುರು ಸೀಮೆಯವರೇ, ಬಂದ ಕಷ್ಟದಲ್ಲಿ ಅವರಿಗೂ ಪಾಲಿತ್ತು. ನಮ್ಮ ವಿದ್ಯಾರ್ಥಿಗಳು ಶಿಬಿರ ಮುಗಿಸಿ ಬಸ್ಸು ಹತ್ತುತ್ತಾರೆ. ನಾಟಕದಲ್ಲಿ ಬಾಯಿಬಿಟ್ಟು ಲೆಕ್ಕ ಹೇಳಿದ ಹೆಂಗಸು ಮರುದಿನ ಅದೇ ಗುತ್ತಿಗೆದಾರನ ಬಳಿಗೆ ಎಲೆ-ಹೊಗೆಸೊಪ್ಪಿಗೆ ಹೋಗಿ ನಿಲ್ಲಬೇಕು. ಆತ ಏನನ್ನೂ ಹೇಳಬೇಕಾಗಿಲ್ಲ, ಆಕೆ ಕಟ್ಟಿದ ಬೀಡಿಯಲ್ಲಿ ನಾಲ್ಕು ಹೆಚ್ಚು ಬದಿಗೆ ಹಾಕಿದರೆ ಸಾಕು. ಹೊರಗಿನವರ ಉತ್ಸಾಹಕ್ಕೆ ಊರಿನವರು ಬೆಲೆ ತೆರುವ ಹಾಗಾಗಬಾರದು.

ನೈಜೀರಿಯಾದ ಜಾರಿಯಾ ನಗರದಲ್ಲಿರುವ ಅಹ್ಮದು ಬೆಲ್ಲೊ ವಿಶ್ವವಿದ್ಯಾಲಯದ ಪ್ರಯೋಗ ನಿಮ್ಮ ಸ್ಥಿತಿಗೆ ಹೆಚ್ಚು ಹತ್ತಿರದ್ದು. 1970ರ ದಶಕದ ನಡುವಿನಿಂದ ಅಲ್ಲಿನ ನಾಟಕ ವಿದ್ಯಾರ್ಥಿಗಳು ಸುತ್ತಲಿನ ಸಮಾರು ಮೊದಲಾದ ಕಡೆಗಳಿಗೆ ಹೋಗಿ, ಜನರೊಡನೆ ಮಾತನಾಡಿ, ಹೌಸಾ ಭಾಷೆಯಲ್ಲಿ ಸ್ಥಳದಲ್ಲೇ ನಾಟಕ ಕಟ್ಟುತ್ತಿದ್ದರು. ಲಿಖಿತ ಪಠ್ಯ ಇರುತ್ತಿರಲಿಲ್ಲ. ಒಂದು ದೃಶ್ಯವನ್ನು ಆಡಿ ತೋರಿಸಿದಾಗ ರೈತರು ಅದು ಹಾಗಲ್ಲ ಎಂದರೆ ಅಲ್ಲಿಗೆ ನಿಲ್ಲಿಸಿ ಬೇರೆ ರೀತಿಯಲ್ಲಿ ಆಡುತ್ತಿದ್ದರು. ಈ ವಿಧಾನ ಮುಂದೆ ಬೇರೆ ದೇಶಗಳಿಗೂ ಹಬ್ಬಿತು. ಆದರೆ ಅದರ ಮೇಲೆ ಬಂದ ಟೀಕೆಯನ್ನೂ ಹೇಳಲೇಬೇಕು: ಸೆಮಿಸ್ಟರ್ ಮುಗಿದ ಕೂಡಲೇ ವಿದ್ಯಾರ್ಥಿಗಳು ಹಿಂದಿರುಗುತ್ತಾರೆ, ಎಬ್ಬಿಸಿದ ಪ್ರಶ್ನೆಗಳನ್ನು ಕೈಗೆತ್ತಿಕೊಳ್ಳಲು ಊರಿನಲ್ಲಿ ಸಂಘಟನೆ ಇರುವುದಿಲ್ಲ.

ಇನ್ನೊಂದು ಮಾತು. ಆಫ್ರಿಕಾದವರು ತಮ್ಮ ಕುಣಿತ, ಹಾಡು, ಕಥನಗಳನ್ನು ಬಳಸಿಕೊಂಡರು ಎಂದ ಕೂಡಲೇ ನಾವು ಯಕ್ಷಗಾನದ ವೇಷ ಕಟ್ಟಿ, ಚೆಂಡೆ ಬಾರಿಸಿ, ಸೊಳ್ಳೆಯನ್ನು ರಕ್ಕಸ ಮಾಡಿ ಸಂಹಾರ ಮಾಡಿಸಿಬಿಡುತ್ತೇವೆ. ಅದರಿಂದ ಜನ ಸೇರಬಹುದು, ಮಾತು ಹುಟ್ಟುವುದಿಲ್ಲ. ನಮ್ಮಲ್ಲಿ ಮಾತು ಹುಟ್ಟಿಸುವ ಕಲೆ ಯಾವುದೆಂದರೆ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ ಹೇಳಿದ ಮೇಲೆ ಅರ್ಥಧಾರಿ ತನ್ನ ಪಾತ್ರದ ಪರವಾಗಿ ವಾದ ಹೂಡುತ್ತಾನೆ, ಎದುರಿನವನು ಅದನ್ನು ಅಲ್ಲೇ ಖಂಡಿಸುತ್ತಾನೆ. ವಾಲಿಯ ಪ್ರಶ್ನೆಗೆ ರಾಮ ಉತ್ತರ ಕೊಡಲೇಬೇಕಾದ ಆ ಚೌಕಟ್ಟನ್ನು ನಮ್ಮ ಅಜ್ಜಿಯಂದಿರಿಗೂ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಗುತ್ತಿಗೆದಾರನ ಪಾತ್ರಕ್ಕೂ ಬೀಡಿ ಕಟ್ಟುವವಳ ಪಾತ್ರಕ್ಕೂ ಅಂಥದೊಂದು ಸಂವಾದವನ್ನು ಏರ್ಪಡಿಸಿ, ಮಧ್ಯೆ ಯಾರು ಬೇಕಾದರೂ ಬಂದು ಅರ್ಥ ಮುಂದುವರಿಸಬಹುದು ಎಂದರೆ ಏನಾಗಬಹುದೆಂದು ಯೋಚಿಸಿ ನೋಡಿ.

ಉತ್ತರ: ಸಾಕ್ಷರತಾ ಆಂದೋಲನದಲ್ಲಿದ್ದವರು, ಮಂಗಳೂರು

1990ರ ಭಾರತ ಜ್ಞಾನ ವಿಜ್ಞಾನ ಜಾಥಾದ ಕಾಲದಲ್ಲಿ ಕಲಾತಂಡಗಳೊಂದಿಗೆ ಊರೂರು ತಿರುಗಿದವರಲ್ಲಿ ನಾನೂ ಒಬ್ಬ. ಉಡುಪಿ ಆಗ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ಆ ಜಾಥಾಗಳ ಹಾಡು-ನಾಟಕಗಳು ಕೇವಲ ಸಂದೇಶವಾಗಿ ಉಳಿಯದೆ ಹೋದದ್ದಕ್ಕೆ ಕಾರಣ, ತಂಡ ಹೊರಟುಹೋದ ಮೇಲೂ ಊರಿನಲ್ಲಿ ಅಕ್ಷರ ಕಲಿಸುವ ಸ್ವಯಂಸೇವಕಿ ಇರುತ್ತಿದ್ದಳು, ಸಂಜೆಯ ತರಗತಿ ಇರುತ್ತಿತ್ತು. ನಾಟಕ ಆ ತರಗತಿಗೆ ಬಾಗಿಲಾಗಿತ್ತು. ಕುಂದಾಪುರದ ಗೆಳೆಯರು ಹೇಳಿದ ಸಂಘಟನೆಯ ಮಾತನ್ನು ಈ ಅನುಭವದಿಂದ ನಾನು ಪೂರ್ತಿಯಾಗಿ ಒಪ್ಪುತ್ತೇನೆ.

ಆಫ್ರಿಕಾದಲ್ಲಿ ಇದೇ ಪಾಠವನ್ನು ಬೋಟ್ಸ್‌ವಾನಾದವರು ಕಲಿತರು. 1974ರಲ್ಲಿ ಅಲ್ಲಿನ ಈಶಾನ್ಯ ಭಾಗದಲ್ಲಿ ಲಾಯೆಡ್ಜಾ ಬಟನಾನಿ ಎಂಬ ಅಭಿಯಾನ ಶುರುವಾಯಿತು. ಊರಿನವರನ್ನು ಸೇರಿಸಿ ಸಮಸ್ಯೆಗಳನ್ನು ಕೇಳಿಕೊಂಡು, ಅವುಗಳ ಮೇಲೆ ನಾಟಕ, ಗೊಂಬೆಯಾಟ, ಹಾಡು, ಕುಣಿತ ಸಿದ್ಧಪಡಿಸಿ ಹಳ್ಳಿಯಿಂದ ಹಳ್ಳಿಗೆ ಹೋಗುತ್ತಿದ್ದರು. ಆಟ ಮುಗಿದ ಮೇಲೆ ನೆರೆದವರನ್ನು ಗುಂಪುಗಳಾಗಿ ಕೂರಿಸಿ ಚರ್ಚೆ ನಡೆಸುತ್ತಿದ್ದರು. ದನಗಳ ಕಳವು, ಗಂಡಸರು ಗಣಿ ಕೆಲಸಕ್ಕೆ ಹೊರಟುಹೋದ ಮನೆಗಳ ಪಾಡು ಮುಂತಾದವು ಅಲ್ಲಿ ರಂಗಕ್ಕೆ ಬಂದವು. ಖಂಡದ ಉದ್ದಗಲಕ್ಕೂ ಈ ಮಾದರಿ ಹೆಸರಾಯಿತು. ಆದರೆ ಅದನ್ನು ರೂಪಿಸಿದವರಲ್ಲೇ ಒಬ್ಬರಾದ ರಾಸ್ ಕಿಡ್ ಮುಂದೆ ಅದನ್ನು ನಿಷ್ಠುರವಾಗಿ ವಿಮರ್ಶಿಸಿದರು: ಸಮಸ್ಯೆಗಳನ್ನು ಹೇಳಿದ ಸಭೆಯಲ್ಲಿ ಮುಂದೆ ಕುಳಿತಿದ್ದವರು ಊರಿನ ಮುಖಂಡರು ಮತ್ತು ಅಧಿಕಾರಿಗಳು, ಹಾಗಾಗಿ ಬಡವರ ಪ್ರಶ್ನೆಗಳು ಹಿಂದಾದವು, ಶೌಚಾಲಯ, ಆರೋಗ್ಯದಂಥ ಸರ್ಕಾರಿ ವಿಷಯಗಳು ಮುಂದಾದವು. ಉಪನ್ಯಾಸಕಿಯವರ "ವಿಷಯ ಮೇಲಿನಿಂದಲೇ ಬರುತ್ತದೆ" ಎಂಬ ಮಾತನ್ನು ಓದಿದಾಗ ನನಗೆ ಇದೇ ನೆನಪಾಯಿತು.

ಲೆಸೊಥೊದಲ್ಲಿ ನಾಟಕಕಾರ ಝೇಕ್ಸ್ ಮ್ಡಾ ಈ ವಿಚಾರವನ್ನು ಇನ್ನೂ ಒರೆಗೆ ಹಚ್ಚಿದರು. ಅಲ್ಲಿನ ರಾಷ್ಟ್ರೀಯ ವಿಶ್ವವಿದ್ಯಾಲಯದ ಮರೊತೊಲಿ ಸಂಚಾರಿ ರಂಗತಂಡದ ಜೊತೆ ದುಡಿದ ಅವರು, ತಂಡ ತಾನೇ ನಾಟಕ ಮಾಡಿ ಊರಿಗೆ ತೋರಿಸುವುದು, ನಡುವೆ ನಿಲ್ಲಿಸಿ ಮುಂದೇನೆಂದು ಪ್ರೇಕ್ಷಕರನ್ನು ಕೇಳುವುದು, ಪ್ರೇಕ್ಷಕರೇ ಎದ್ದು ಬಂದು ಪಾತ್ರ ವಹಿಸುವುದು, ಊರಿನವರೇ ಮೊದಲಿನಿಂದ ಕೊನೆಯವರೆಗೆ ನಾಟಕ ಕಟ್ಟುವುದು ಎಂದು ವಿಧಾನಗಳನ್ನು ಬೇರ್ಪಡಿಸಿ ನೋಡಿದರು. ಜನರ ಪಾಲು ಹೆಚ್ಚಿದಷ್ಟೂ ಒಳ್ಳೆಯದು ಎಂದು ಹೇಳಿ ಅವರು ಸುಮ್ಮನಾಗಲಿಲ್ಲ. ಮಾತನ್ನು ಹದವಾಗಿ ಮುಂದಕ್ಕೆ ಒಯ್ಯಬಲ್ಲ, ಕಾರಣವನ್ನು ಬಗೆಯುವ ಪ್ರಶ್ನೆ ಕೇಳಬಲ್ಲ ಒಬ್ಬ ನುರಿತ ವ್ಯಕ್ತಿ ಇಲ್ಲದಿದ್ದರೆ, ಊರಿನವರೇ ಆಡಿದ ನಾಟಕವೂ ತಮ್ಮನ್ನು ತಾವೇ ಬೈದುಕೊಳ್ಳುವುದರಲ್ಲಿ ಮುಗಿಯಬಹುದು ಎಂದು ತೋರಿಸಿದರು. ದುಡಿಯುವ ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಿಗೆ ಹೋಗಿ, ಮನೆಯ ಭಾರವೆಲ್ಲ ಹೆಂಗಸರ ಮೇಲೆ ಬಿದ್ದಿದ್ದ ನಾಡು ಅದು. ಮುಂಬಯಿಗೂ ಕೊಲ್ಲಿ ದೇಶಗಳಿಗೂ ಮಕ್ಕಳನ್ನು ಕಳಿಸಿ ಕೂತಿರುವ ನಮ್ಮ ಕರಾವಳಿಯವರಿಗೆ ಆ ನಾಟಕಗಳ ಸಂಕಟ ಅಪರಿಚಿತವಲ್ಲ.

ತಾಳಮದ್ದಳೆಯ ಬಗ್ಗೆ ಒಂದು ಎಚ್ಚರಿಕೆ. ಅರ್ಥಗಾರಿಕೆ ದೊಡ್ಡ ವಿದ್ಯೆ, ಅದರಲ್ಲಿ ಪಳಗಿದವರ ಎದುರು ಸಾಮಾನ್ಯ ಹೆಂಗಸು ಬಾಯಿ ತೆರೆಯುವುದು ಕಷ್ಟ. ವಾದದಲ್ಲಿ ಗೆಲ್ಲುವ ಆಸೆ ಬಂದರೆ ವಿಷಯ ಮೂಲೆ ಸೇರುತ್ತದೆ. ಚೌಕಟ್ಟನ್ನು ತೆಗೆದುಕೊಳ್ಳಿ, ಪಾಂಡಿತ್ಯವನ್ನು ಹೊರಗೆ ಬಿಡಿ.

ಉಪನ್ಯಾಸಕಿ, ಉಡುಪಿ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಗುತ್ತಿಗೆದಾರನ ಎದುರು ಮರುದಿನ ನಿಲ್ಲಬೇಕಾದವರ ಮಾತು ನನ್ನ ಮನಸ್ಸನ್ನು ಬಹಳ ಕಲಕಿದೆ. ಒಂದು ವಿಷಯ ಇನ್ನೂ ಸ್ಪಷ್ಟವಾಗಬೇಕು. ನಮ್ಮ ಊರುಗಳ ಸಭೆಗಳಲ್ಲಿ ಗಂಡಸರು ಮುಂದಿನ ಕುರ್ಚಿಗಳಲ್ಲಿ ಕೂರುತ್ತಾರೆ, ಹೆಂಗಸರು ಹಿಂದೆ ಗೋಡೆಗೆ ಒರಗಿ ನಿಲ್ಲುತ್ತಾರೆ. ಯಾರಾದರೂ ಮಾತನಾಡಿ ಎಂದು ಮೈಕು ಕೊಟ್ಟರೆ ಅದು ಪ್ರತಿಸಲವೂ ಅದೇ ನಾಲ್ಕು ಜನರ ಕೈಗೆ ಹೋಗುತ್ತದೆ. ಪ್ರೇಕ್ಷಕರು ಎದ್ದು ಬಂದು ಪಾತ್ರ ವಹಿಸುವುದು ಅಂಥ ಕಡೆ ಹೇಗೆ ಸಾಧ್ಯವಾಗುತ್ತದೆ?

ಉತ್ತರ: ರಂಗಭೂಮಿಯ ವಿದ್ಯಾರ್ಥಿ, ಮಂಗಳೂರು

ಕುಂದಾಪುರದವರ ಆಕ್ಷೇಪ ನ್ಯಾಯವಾದದ್ದು. ನಿಮ್ಮ ಈ ಪ್ರಶ್ನೆಯ ಉತ್ತರದಲ್ಲೇ ಅದಕ್ಕೂ ಸ್ವಲ್ಪ ಪರಿಹಾರವಿದೆ ಎಂದುಕೊಂಡಿದ್ದೇನೆ.

ಬುರ್ಕಿನಾ ಫಾಸೊ ದೇಶದಲ್ಲಿ ಪ್ರಾಸ್ಪೆರ್ ಕೊಂಪವೊರೆ 1978ರಲ್ಲಿ ಸ್ಥಾಪಿಸಿದ ರಂಗತಂಡವೊಂದು, ಬ್ರೆಜಿಲಿನ ಆಗಸ್ತೊ ಬೋಲ್ ರೂಪಿಸಿದ ಸಂವಾದ ರಂಗಭೂಮಿಯ ವಿಧಾನವನ್ನು ತನ್ನ ನಾಡಿನ ಹದಕ್ಕೆ ಒಗ್ಗಿಸಿಕೊಂಡಿತು. ಮೊದಲು ನಾಟಕವನ್ನು ಪೂರ್ತಿ ಆಡುತ್ತಾರೆ. ಅದು ಅನ್ಯಾಯದಲ್ಲೇ ಕೊನೆಗೊಳ್ಳುತ್ತದೆ, ಪರಿಹಾರವನ್ನು ತೋರಿಸುವುದಿಲ್ಲ. ಬಳಿಕ ಸೂತ್ರಧಾರ ಬಂದು ನಿಮಗೆ ಒಪ್ಪಿಗೆಯೇ ಎಂದು ಕೇಳುತ್ತಾನೆ. ಒಪ್ಪಿಗೆಯಿಲ್ಲವೆಂದು ಜನ ಕೂಗುತ್ತಾರೆ. ಆಗ ನಾಟಕವನ್ನು ಮತ್ತೆ ಆಡಲು ಶುರು ಮಾಡುತ್ತಾರೆ, ಯಾವ ಘಟ್ಟದಲ್ಲಿ ಅನ್ಯಾಯಕ್ಕೊಳಗಾದ ಪಾತ್ರ ಬೇರೆ ರೀತಿ ನಡೆದುಕೊಳ್ಳಬಹುದಿತ್ತು ಎನಿಸುತ್ತದೋ ಅಲ್ಲಿ ಪ್ರೇಕ್ಷಕರು ನಿಲ್ಲಿಸಿ, ತಾವೇ ಆ ಪಾತ್ರವಾಗಿ ಆಡಿ ತೋರಿಸುತ್ತಾರೆ. ಎದುರು ಪಾತ್ರದ ನಟರು ಸುಲಭವಾಗಿ ಮಣಿಯಬಾರದು ಎಂಬುದು ಈ ಆಟದ ಮುಖ್ಯ ನಿಯಮ. ಗುತ್ತಿಗೆದಾರನಾದವನು ಗುತ್ತಿಗೆದಾರನ ಬುದ್ಧಿಯನ್ನೇ ಓಡಿಸಬೇಕು. ಸೋತ ಉಪಾಯವೂ ಅಲ್ಲಿ ವ್ಯರ್ಥವಲ್ಲ, ಅದೇಕೆ ಸೋತಿತೆಂದು ಎಲ್ಲರೂ ನೋಡಿರುತ್ತಾರೆ. ತನ್ನ ಹೆಸರಿನಲ್ಲಿ ದೂರು ಹೇಳಲಾಗದ ಹೆಂಗಸು ಪಾತ್ರದ ಹೆಸರಿನಲ್ಲಿ ಅದನ್ನೇ ಹೇಳಬಲ್ಲಳು, ಮರುದಿನ ಕೇಳಿದರೆ ಅದು ನಾಟಕವಷ್ಟೇ.

ಹೆಂಗಸರ ಮಾತಿನ ಬಗ್ಗೆ ಟಾಂಜಾನಿಯಾದ ಅನುಭವ ಉಪಯುಕ್ತ. 1980ರ ದಶಕದ ಆರಂಭದಲ್ಲಿ ಪೆನಿನಾ ಮ್ಲಾಮ ಮತ್ತು ಸಹೋದ್ಯೋಗಿಗಳು ಮಲ್ಯ ಎಂಬ ಹಳ್ಳಿಯಲ್ಲಿ ಊರಿನವರೊಡನೆ ಉಳಿದು ಕೆಲಸ ಮಾಡಿದಾಗ, ಎಳೆಯ ಹುಡುಗಿಯರು ಗರ್ಭಿಣಿಯರಾಗಿ ಅವರ ಬದುಕು ಹಾಳಾಗುತ್ತಿರುವ ವಿಷಯ ಮೇಲೆ ಬಂತು. ಊರಿನ ಸಭೆಯಲ್ಲಿ ಬಹಿರಂಗವಾಗಿ ಎತ್ತಲಾಗದಿದ್ದ ಈ ಮಾತನ್ನು ಅಲ್ಲಿನ ಕುಣಿತ-ಹಾಡುಗಳ ಒಳಗಿಟ್ಟು ಹೇಳುವುದು ಸಾಧ್ಯವಾಯಿತು. ನಮ್ಮಲ್ಲಿಯೂ ನಾಟಿಗದ್ದೆಯ ಓಬೇಲೆ ಹಾಡುಗಳಲ್ಲಿ ಹೆಂಗಸರು ಒಡೆಯರ ಬಗ್ಗೆ ಆಡಿಕೊಳ್ಳಲು ಹಿಂಜರಿದವರಲ್ಲ.

ಶಾಲಾ-ಕಾಲೇಜುಗಳ ಮಟ್ಟಿಗೆ ದಕ್ಷಿಣ ಆಫ್ರಿಕಾದ ಕ್ವಾಝುಲು-ನಟಾಲ್ ಪ್ರಾಂತ್ಯದ ಡ್ರಾಮ್‌ಏಡ್ ಯೋಜನೆಯ ಕ್ರಮವನ್ನು ನೋಡಿ. 1990ರ ದಶಕದ ಆರಂಭದಲ್ಲಿ, ಏಡ್ಸ್ ಹಬ್ಬುತ್ತಿದ್ದ ಕಾಲದಲ್ಲಿ ಅದು ಹುಟ್ಟಿತು. ತಂಡವೊಂದು ಶಾಲೆಗೆ ಬಂದು ಮೊದಲು ತಾನು ನಾಟಕ ಆಡುತ್ತಿತ್ತು, ಆಮೇಲೆ ವಿದ್ಯಾರ್ಥಿಗಳೊಡನೆ ಕಮ್ಮಟ ನಡೆಸುತ್ತಿತ್ತು, ಕಡೆಗೆ ವಿದ್ಯಾರ್ಥಿಗಳೇ ತಂದೆತಾಯಿಯರನ್ನೂ ಊರಿನವರನ್ನೂ ಕರೆದು ತಾವು ಕಟ್ಟಿದ ನಾಟಕ, ಹಾಡು, ಕವಿತೆಗಳನ್ನು ಪ್ರದರ್ಶಿಸುತ್ತಿದ್ದರು. ಹೊರಗಿನವರ ನಾಟಕ ಅಲ್ಲಿ ಮೊದಲ ಮೆಟ್ಟಿಲು ಮಾತ್ರ.

ನನ್ನ ಸಲಹೆಯೆಂದರೆ, ಮೊದಲ ಕಂತನ್ನು ಊರಿನ ಸಭೆಯಲ್ಲಿ ಇಡಬೇಡಿ. ಮಧ್ಯಾಹ್ನ ಹೆಂಗಸರು ಒಟ್ಟಿಗೆ ಕೂತು ಬೀಡಿ ಕಟ್ಟುವ ಜಗುಲಿಯಲ್ಲಿ, ಅವರ ಕೆಲಸ ನಿಲ್ಲಿಸದೆ, ನಿಮ್ಮ ವಿದ್ಯಾರ್ಥಿನಿಯರು ಸಣ್ಣ ದೃಶ್ಯವೊಂದನ್ನು ಆಡಲಿ, ಅವರು ತಿದ್ದಲಿ. ಊರಿನ ಹೆಸರು, ಗುತ್ತಿಗೆದಾರನ ಹೆಸರು ಕಲ್ಪಿತವಾಗಿರಲಿ. ಅಲ್ಲಿ ಕಟ್ಟಿದ್ದನ್ನು ಹೊರಗೆ ಆಡಬೇಕೇ ಬೇಡವೇ, ಆಡಿದರೆ ಯಾವ ದೃಶ್ಯ ಬಿಡಬೇಕು ಎಂಬ ತೀರ್ಮಾನ ಪೂರ್ತಿಯಾಗಿ ಅವರದಾಗಿರಲಿ.

ಉತ್ತರ: ಹವ್ಯಾಸಿ ಕಲಾವಿದ, ಕುಂದಾಪುರ

ಜಗುಲಿಯ ಸಲಹೆಗೆ ನನ್ನ ಒಪ್ಪಿಗೆಯಿದೆ. ಶಿಬಿರಕ್ಕೆ ಮೊದಲೇ ಆ ಭಾಗದ ಬೀಡಿ ಕಾರ್ಮಿಕರ ಸಂಘದವರನ್ನೂ, ಊರಿನ ಸ್ವಸಹಾಯ ಗುಂಪಿನವರನ್ನೂ ಮಾತನಾಡಿಸಿ. ಕನಿಷ್ಠ ಕೂಲಿ, ಭವಿಷ್ಯನಿಧಿ, ಗುರುತಿನ ಚೀಟಿ ಇತ್ಯಾದಿಗಳ ಬಗ್ಗೆ ನಾಟಕದ ನಡುವೆ ಪ್ರಶ್ನೆ ಬಂದರೆ ಖಚಿತವಾಗಿ ಉತ್ತರಿಸಬಲ್ಲವರು ಅಲ್ಲಿ ಇರಬೇಕು, ವಿದ್ಯಾರ್ಥಿಗಳು ಹಿಂದಿರುಗಿದ ಮೇಲೂ ಅವರು ಊರಿಗೆ ಬರುತ್ತಿರಬೇಕು. ಸೂತ್ರಧಾರನಾಗಿ ಗಂಡಸನ್ನು ನಿಲ್ಲಿಸಬೇಡಿ. ತುಳು ಚೆನ್ನಾಗಿ ಬರುವ, ಬೀಡಿ ಕಟ್ಟುವ ಮನೆಯಿಂದಲೇ ಬಂದ ವಿದ್ಯಾರ್ಥಿನಿಯರು ನಿಮ್ಮ ತರಗತಿಯಲ್ಲಿ ಖಂಡಿತ ಇರುತ್ತಾರೆ.

ಉಪನ್ಯಾಸಕಿ, ಉಡುಪಿ

ಇದ್ದಾರೆ. ಅವರಲ್ಲಿ ಇಬ್ಬರ ತಾಯಂದಿರು ಈಗಲೂ ಬೀಡಿ ಕಟ್ಟುತ್ತಾರೆ. ಪಂಚಾಯತಿಗೆ ಒಪ್ಪಿಕೊಂಡಿರುವ ಕಸದ ನಾಟಕವನ್ನು ಶಿಬಿರದ ಉದ್ಘಾಟನೆಯ ದಿನ ಆಡಿ ಮುಗಿಸುತ್ತೇವೆ, ಆದರೆ ಕಸದ ಗಾಡಿ ಯಾವ ಕೇರಿಗೆ ಬರುವುದಿಲ್ಲ ಎಂಬ ಪ್ರಶ್ನೆಯನ್ನು ಅದಕ್ಕೂ ಸೇರಿಸುತ್ತೇವೆ. ಬೀಡಿಯ ವಿಷಯವನ್ನು ಶಿಬಿರದ ಪಟ್ಟಿಯಿಂದ ಹೊರಗಿಟ್ಟು, ಶನಿವಾರ ಮಧ್ಯಾಹ್ನಗಳಂದು ವಿದ್ಯಾರ್ಥಿನಿಯರ ಸಣ್ಣ ಗುಂಪಿನೊಂದಿಗೆ ಜಗುಲಿಗೆ ಹೋಗಿ ಮಾಡುವುದೆಂದು ಯೋಚಿಸಿದ್ದೇನೆ. ಸಂಘದವರ ಭೇಟಿಗೆ ಮುಂದಿನ ವಾರ ಸಮಯ ಕೇಳಿದ್ದೇನೆ. ಮಂಗಳೂರಿನ ರಂಗಭೂಮಿಯ ಗೆಳೆಯರು ಬಿಡುವಿದ್ದರೆ ಮೊದಲ ಕಮ್ಮಟಕ್ಕೆ ಬಂದು, ಎದುರು ಪಾತ್ರ ಸುಲಭವಾಗಿ ಮಣಿಯದ ಹಾಗೆ ಆಡುವುದನ್ನು ನಮ್ಮ ಮಕ್ಕಳಿಗೆ ಕಲಿಸಿಕೊಡಬೇಕೆಂದು ವಿನಂತಿಸುತ್ತೇನೆ. ಈಗಿನ ಮಟ್ಟಿಗೆ ಅವರೆಲ್ಲರೂ ಎರಡನೆಯ ಮಾತಿಗೇ ಸೋತುಬಿಡುತ್ತಾರೆ.